ಆನೆಯ ಅಸಮ್ಮತಿ

ನೋಂದಣಿ ಕಚೇರಿಯ ಎರಡನೇ ಕೌಂಟರಿನ ಗುಮಾಸ್ತರಿಗೆ ತಂದೆತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಉಳಿದಂತೆ ಅವರು ಎಲ್ಲರಿಗೂ ತಜ್ಞರು. ಈ ಬಿರುದು ಬಂದದ್ದು ಹೀಗೆ. ಒಂದು ದಿನ ಕಚೇರಿಯ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿದವು. ಇಡೀ ಕಚೇರಿ ಕೈಕಟ್ಟಿ ಕೂತಿತು. ಇವರು ಕಾಲು ಚಾಚಲು ಹೋಗಿ ಮೇಜಿನ ಕೆಳಗಿದ್ದ ಯಾವುದೋ ಸ್ವಿಚ್ಚನ್ನು ಒದ್ದರು. ಎಲ್ಲವೂ ಎದ್ದು ಕೂತವು. ಏನು ಮಾಡಿದಿರಿ ಎಂದು ಕೇಳಿದವರಿಗೆ ಇವರು ಸ್ವಲ್ಪ ಯೋಚಿಸಿ, "ಒಳಗಡೆ ಹೊಂದಾಣಿಕೆ ತಪ್ಪಿತ್ತು, ಸರಿ ಮಾಡಿದೆ" ಎಂದರು. ಅಂದಿನಿಂದ ತಜ್ಞರು. ಹಾಗೆ ಕರೆಯುವವರಲ್ಲಿ ಅರ್ಧ ಜನ ಗೌರವದಿಂದ ಕರೆಯುತ್ತಿದ್ದರು, ಇನ್ನರ್ಧ ಜನ ನಗು ತಡೆದುಕೊಂಡು. ಯಾರು ಯಾವ ಅರ್ಧಕ್ಕೆ ಸೇರಿದವರು ಎಂದು ವಿಚಾರಿಸುವ ಗೋಜಿಗೆ ಅವರು ಹೋಗಲಿಲ್ಲ.

ಬಿರುದು ಸಿಕ್ಕಮೇಲೆ ಸುಮ್ಮನೆ ಕೂರಲಾದೀತೇ? ತಜ್ಞರ ಕಂಪ್ಯೂಟರು ತಪ್ಪು ಕಂಡಾಗಲೆಲ್ಲ 'ಟಣ್' ಎನ್ನುತ್ತಿತ್ತು. ಮಿಕ್ಕವರ ಯಂತ್ರಗಳು ದಿನಕ್ಕೆ ನಾಲ್ಕೈದು ಸಲ ಟಣ್ ಎಂದರೆ ಇವರದು ಗುಡಿಸುವ ಹೊತ್ತಿನಿಂದ ಬೀಗ ಹಾಕುವವರೆಗೂ ಟಣಗುಟ್ಟುತ್ತಿತ್ತು. ಇದು ಯಂತ್ರದ ಸ್ವಭಾವ ಎಂದು ಅವರು ನಂಬಿದ್ದರು. ಒಂದು ಮಧ್ಯಾಹ್ನ ಕೌಂಟರಿನಲ್ಲಿ ಜನವಿಲ್ಲದಾಗ ಇಂಟರ್ನೆಟ್ಟಿನಲ್ಲಿ ಹುಡುಕಿ, ಕಂಪ್ಯೂಟರಿನ ಸದ್ದುಗಳನ್ನೆಲ್ಲ ಬದಲಿಸಿ ಕಾರ್ಟೂನಿನ ಸದ್ದು ಹಾಕಿಕೊಳ್ಳುವ ದಾರಿ ಕಂಡುಹಿಡಿದರು. ಸಂಜೆಯೊಳಗೆ ಯಂತ್ರ ಶುರುವಾದರೆ ಆಕಳಿಕೆ, ಪತ್ರ ಬಂದರೆ ಬಾತುಕೋಳಿ, ಕಡತ ಅಳಿಸಿದರೆ ಸೀನು, ಪ್ರಿಂಟರು ಓಡಿದರೆ ಕತ್ತೆ, ಹೀಗೆ ಎಲ್ಲದಕ್ಕೂ ಒಂದೊಂದು ದನಿ ಬಂತು. ಟಣ್ ಎನ್ನುವ ಜಾಗಕ್ಕೆ ಮಾತ್ರ ಬಹಳ ಹೊತ್ತು ಆಲೋಚಿಸಿ ಒಂದು ಆನೆಯನ್ನು ಆರಿಸಿದರು. ಅದು ಸ್ನಾನಕ್ಕೆ ಕರೆದರೆ ಒಪ್ಪದ ದಪ್ಪ ಆನೆ. ತಲೆ ಅಲ್ಲಾಡಿಸಿ, ಬಾವಿಯೊಳಗಿಂದ ಬಂದಂಥ ದನಿಯಲ್ಲಿ, ನಿಧಾನವಾಗಿ, "ಊ...ಹೂಂ" ಎನ್ನುತ್ತಿತ್ತು.

ಮೊದಲ ಪೆಟ್ಟು ತಿಂದವರು ಅಟೆಂಡರಮ್ಮ. ಫೈಲಿನ ಕಟ್ಟು ಹೊತ್ತು ಬರುವಾಗ ಪ್ರಿಂಟರು ಓಡತೊಡಗಿತು. ಅವರು ಕಟ್ಟನ್ನು ಅಲ್ಲೇ ಇಳಿಸಿ, ಕಾಂಪೌಂಡೆಲ್ಲ ಒಂದು ಸುತ್ತು ಹಾಕಿ, ವಾಚ್‌ಮನ್ನನ್ನು ಬೈದು ಬಂದರು. "ಗೇಟ್ ಹಾಕ್ಕೊಳಯ್ಯ ಅಂದ್ರೆ ಕತ್ತೆ ಒಳಗೆ ಬಿಟ್ಟಿದ್ದಾನೆ ಸರ್. ಎಲ್ಲಿ ಅಡಗಿದೆಯೋ ಸಿಗ್ತಾನೂ ಇಲ್ಲ."

ತಜ್ಞರು ಗುಟ್ಟು ಹೇಳಿದರು. ಅಟೆಂಡರಮ್ಮ ಸೊಂಟದ ಮೇಲೆ ಕೈಯಿಟ್ಟು ಯಂತ್ರವನ್ನೂ ಅವರನ್ನೂ ಒಂದೊಂದು ಸಲ ನೋಡಿದರು. "ಇದಕ್ಕೆಲ್ಲ ಓದಬೇಕಾ ಸರ್?" ಎಂದರು.

"ಓದು ಬೇರೆ, ಅನುಭವ ಬೇರೆ" ಎಂದರು ತಜ್ಞರು ಗಂಭೀರವಾಗಿ.

ಇಲ್ಲಿಗೇ ನಿಂತಿದ್ದರೆ ಇದೊಂದು ಆಟವಾಗಿ ಮುಗಿಯುತ್ತಿತ್ತು. ಆದರೆ ಆನೆ ಸರ್ಕಾರಿ ಕೆಲಸಕ್ಕೆ ಇಳಿಯಿತು. ಬಾಡಿಗೆ ಕರಾರು ನೋಂದಾಯಿಸಲು ವಾರದಿಂದ ಅಲೆಯುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಸಾಕ್ಷಿಯ ಸಹಿ ಇಲ್ಲದ ಕಾಗದ ಹಿಡಿದು ಬಂದರು. ಸಹಿ ಯಾಕೆ ಬೇಕು, ಯಾವ ಕಾಯಿದೆ, ಎಷ್ಟನೇ ಕಲಮು ಎಂದು ಅವರು ಇಡೀ ಕಚೇರಿಯನ್ನು ನಿಲ್ಲಿಸಿ ಪಾಠ ಮಾಡಿದವರು. ಮೂರು ಕೌಂಟರಿನವರು ಸೋತಿದ್ದರು. ತಜ್ಞರು ಮಾತಿಲ್ಲದೆ ಅರ್ಜಿ ತುಂಬಿ ಗುಂಡಿ ಒತ್ತಿದರು.

"ಊ...ಹೂಂ."

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಆಗಲ್ವಂತಾ?"

"ಇನ್ನೊಂದ್ಸಲ ಕೇಳೋಣ ಸಾರ್" ಎಂದು ತಜ್ಞರು ಮತ್ತೆ ಒತ್ತಿದರು.

"ಊ...ಹೂಂ."

"ಮೆಷಿನ್ನೇ ಹೇಳಿದ ಮೇಲೆ ಇನ್ನೇನಪ್ಪ" ಎಂದು ಮೇಷ್ಟ್ರು ಕಾಗದ ಮಡಿಸಿ, ಯಾರನ್ನೂ ಬೈಯದೆ ಹೊರಟರು. ಕಚೇರಿಯ ಇತಿಹಾಸದಲ್ಲಿ ಹೀಗೆಂದೂ ಆಗಿರಲಿಲ್ಲ. ಮನುಷ್ಯ ಆಗೋದಿಲ್ಲ ಎಂದರೆ ಜನ ಅವನ ಮೇಲಧಿಕಾರಿ ಯಾರು ಎಂದು ಕೇಳುತ್ತಾರೆ. ಆನೆಗೆ ಮೇಲಧಿಕಾರಿ ಯಾರು? ಹದಿನೈದೇ ದಿನದಲ್ಲಿ ಎರಡನೇ ಕೌಂಟರಿನ ಸರತಿ ಅರ್ಧಕ್ಕಿಳಿಯಿತು.

ಹಲಗೆಯ ಗೋಡೆಯ ಆಚೆ ಕೂತಿದ್ದ ಅಧಿಕಾರಿ ಮೇಡಂಗೆ ಜನ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಅವರು ಕಟ್ಟುನಿಟ್ಟಿನ ಹೆಂಗಸು. ನಿಯಮದ ಪುಸ್ತಕ ಅವರಿಗೆ ಬಾಯಿಪಾಠ. ಒಂದು ದಿನ ತಜ್ಞರನ್ನು ಒಳಗೆ ಕರೆಸಿದರು.

"ಆರು ವಾರದಿಂದ ಗಮನಿಸ್ತಿದ್ದೀನಿ. ನೀವು ವಾದ ಮಾಡಲ್ಲ, ರೇಗಲ್ಲ. ಊಹೂಂ ಅಂತೀರಿ, ಮುಗೀತು. ಎಷ್ಟು ಘನತೆ ಇದೆ ರೀ ನಿಮ್ಮ ದನಿಯಲ್ಲಿ. ಈ ವರ್ಷದ ಉತ್ತಮ ನೌಕರ ಪ್ರಶಸ್ತಿಗೆ ನಿಮ್ಮ ಹೆಸರು ಬರೆದು ಕಳಿಸ್ತೀನಿ."

ತಜ್ಞರು ಬಾಯಿ ತೆರೆದರು. ಅದು ನಾನಲ್ಲ ಎಂದು ಹೇಳುವುದೇ ಅವರ ಉದ್ದೇಶವಾಗಿತ್ತು. ಆದರೆ ಹದಿನೆಂಟು ವರ್ಷದ ನೌಕರಿಯಲ್ಲಿ ಮೇಲಿನವರು ಒಂದು ಒಳ್ಳೆಯ ಮಾತಾಡಿದ್ದು ಇದೇ ಮೊದಲು. ತೆರೆದ ಬಾಯಿಂದ "ಎಲ್ಲಾ ತಮ್ಮ ಆಶೀರ್ವಾದ ಮೇಡಂ" ಎಂಬ ಮಾತು ಹೊರಬಿತ್ತು. ಮನೆಗೆ ಹೋಗಿ ಗೋಡೆಯಲ್ಲಿ ಮೊಳೆ ಹೊಡೆದು, ಪ್ರಶಸ್ತಿಪತ್ರಕ್ಕೆ ಜಾಗ ಮಾಡಿಟ್ಟರು.

"ಪ್ರಶಸ್ತಿ ನಿಮಗೋ ಆನೆಗೋ?" ಎಂದು ಕೇಳಿದಳು ಹೆಂಡತಿ.

"ಆನೇನ ಕೆಲಸಕ್ಕೆ ಇಟ್ಕೊಂಡಿದ್ದು ಯಾರು?" ಎಂದರು ತಜ್ಞರು.

ಈ ಸಂಭ್ರಮದ ನಡುವೆಯೇ ತಂಗಿಯ ಮದುವೆ ಗೊತ್ತಾಯಿತು. ತಜ್ಞರ ತಂಗಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ವಯಸ್ಸು ಮೂವತ್ತೊಂಬತ್ತು. ಅಣ್ಣ ತಂದ ಹನ್ನೊಂದು ಸಂಬಂಧಗಳನ್ನು ಬೇಡವೆಂದವಳು, ಹನ್ನೆರಡನೆಯದನ್ನು ತಾನೇ ತಂದಳು. ವರ ಲಿಫ್ಟ್ ಮೆಕ್ಯಾನಿಕ್. ಮನೆಗೆ ಬಂದ ದಿನ ಎರಡು ಗಂಟೆ ಹೊತ್ತು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮಾತೆಲ್ಲ ಅವರ ಅಕ್ಕನದು. "ನಮ್ಮ ತಮ್ಮಂಗೆ ಮಾತು ಕಮ್ಮಿ. ಹೂಂ ಅಂತಾನೆ, ಅಷ್ಟೆ. ಹುಟ್ಟಿದಾಗಿಂದ ನಾನೇ ಸಾಕಿದ್ದು. ಯಾವತ್ತೂ ಯಾವುದಕ್ಕೂ ಊಹೂಂ ಅಂದೋನಲ್ಲ."

"ಹೂಂ" ಎಂದರು ವರ. ದನಿ ಬಾವಿಯೊಳಗಿಂದ ಬಂದಂತಿತ್ತು.

"ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ" ಎಂದರು ತಜ್ಞರು. ಎಲ್ಲಿ ಎಂದು ಮಾತ್ರ ಹೊಳೆಯಲಿಲ್ಲ.

ಮದುವೆ ಸರಳವಾಗಿ, ನೋಂದಣಿ ಕಚೇರಿಯಲ್ಲೇ ಆಗಲಿ ಎಂದು ತಂಗಿ ಹೇಳಿದಳು. ವರನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಮದುವೆಯ ಮೂರನೇ ದಿನ ಅಲ್ಲಿ ಹಾಜರಾಗಬೇಕು. ಕಂಪನಿಯವರು ಇಬ್ಬರಿಗೂ ಸೇರಿ ಮನೆ ಕೊಡುವುದು ಮದುವೆಯ ಪ್ರಮಾಣಪತ್ರ ತೋರಿಸಿದರೆ ಮಾತ್ರ. ಹಿಂದಿನ ದಿನ ಊಟಕ್ಕೆ ಕೂತಾಗ ತಂಗಿ ಅಣ್ಣನಿಗೆ ಒಂದೇ ಮಾತು ಕೇಳಿಕೊಂಡಳು.

"ಅಣ್ಣ, ನಾಳೆ ಒಂದು ದಿನ ಆ ಕತ್ತೆ, ಬಾತುಕೋಳಿ ಎಲ್ಲಾ ತೆಗೆದುಬಿಡು. ನನ್ನ ಮದುವೇಲಿ ಯಾವ ಪ್ರಾಣೀನೂ ಕೂಗಬಾರದು."

"ನನಗೆ ಅಷ್ಟೂ ತಿಳಿಯಲ್ವೇನೇ?" ಎಂದರು ತಜ್ಞರು. ಮಾರನೇ ದಿನ ಬೆಳಗ್ಗೆ ಬೇಗ ಹೋಗಿ ಆಕಳಿಕೆ ತೆಗೆದರು, ಬಾತುಕೋಳಿ ತೆಗೆದರು, ಸೀನು ತೆಗೆದರು, ಕತ್ತೆಯನ್ನೂ ಓಡಿಸಿದರು. ಆನೆಯ ಹತ್ತಿರ ಬಂದಾಗ ಕೈ ನಿಂತಿತು. ಆನೆ ಬಾಯಿಬಿಡುವುದು ತಪ್ಪು ಮಾಡಿದಾಗ ಮಾತ್ರ. ತಂಗಿಯ ಮದುವೆಯ ಅರ್ಜಿಯಲ್ಲಿ ತಾವು ತಪ್ಪು ಮಾಡುವುದುಂಟೇ? ಆನೆಯನ್ನು ಬಿಟ್ಟುಬಿಟ್ಟರು.

ಮದುವೆಗಳನ್ನು ಬರೆದುಕೊಳ್ಳುವುದು ಮೂರನೇ ಕೌಂಟರಿನವರ ಕೆಲಸ. ತಜ್ಞರು ಅವರನ್ನು ಕಾಡಿಬೇಡಿ ಆ ದಿನದ ಮಟ್ಟಿಗೆ ಕುರ್ಚಿ ಬಿಡಿಸಿಕೊಂಡಿದ್ದರು. ತಮ್ಮ ಕೈ ಪಳಗಿದ್ದು ತಮ್ಮ ಯಂತ್ರಕ್ಕೇ ಎಂದು ಅದನ್ನೂ ಸಭಾಂಗಣಕ್ಕೆ ಹೊತ್ತು ತಂದರು. ಸ್ಪೀಕರುಗಳು ಮೇಜಿನ ಮೇಲೆ ಅಂದವಾಗಿ ಕಾಣುವುದಿಲ್ಲವೆಂದು ಕೆಳಗೆ ಇಳಿಸಿದರು. ಮೇಜಿನ ಈಚೆ ವರನ ಕುರ್ಚಿ. ಸ್ಪೀಕರು ಸರಿಯಾಗಿ ಆ ಕುರ್ಚಿಯ ಅಡಿಗೆ ಬಂತು.

ಹನ್ನೊಂದು ಗಂಟೆಗೆ ಎಲ್ಲರೂ ಕೂತರು. ತಂಗಿ ತಿಳಿನೀಲಿ ಬಟ್ಟೆ ಉಟ್ಟಿದ್ದಳು. ವರ ಕೊರಳಗುಂಡಿಯವರೆಗೂ ಅಂಗಿ ಬಿಗಿದುಕೊಂಡು, ಅಕ್ಕನ ಪಕ್ಕದಲ್ಲಿ ನೆಟ್ಟಗೆ ಕೂತಿದ್ದರು. ಹೆಂಡತಿ ತಜ್ಞರ ಹಿಂದೆ ನಿಂತಿದ್ದಳು, ಅಟೆಂಡರಮ್ಮ ಬಾಗಿಲಲ್ಲಿ. ತಜ್ಞರ ಕಣ್ಣಲ್ಲಿ ಆಗಲೇ ನೀರು. ಆ ನೀರಿನಲ್ಲೇ ವರನ ಫೋನ್ ನಂಬರು ಹೊಡೆದರು. ಹತ್ತು ಅಂಕಿಯ ಜಾಗದಲ್ಲಿ ಒಂಬತ್ತು ಬಿದ್ದವು.

ಅಧಿಕಾರಿ ಮೇಡಂ ಎದ್ದು ನಿಂತು, ಪುಸ್ತಕದಲ್ಲಿದ್ದಂತೆ ಅಕ್ಷರ ಬಿಡದೆ ಕೇಳಿದರು. "ಈಕೆಯನ್ನು ವಿವಾಹವಾಗಲು ನಿಮಗೆ ಸ್ವಇಚ್ಛೆಯಿಂದ ಒಪ್ಪಿಗೆಯೇ?"

ವರ ಉಸಿರೆಳೆದುಕೊಂಡು ಬಾಯಿ ಸ್ವಲ್ಪ ತೆರೆದರು. ತಜ್ಞರು ಮುಂದಿನ ಪುಟ ಸಿದ್ಧವಾಗಿರಲೆಂದು ಗುಂಡಿ ಒತ್ತಿದರು.

"ಊ...ಹೂಂ."

ಎಲ್ಲರೂ ವರನತ್ತ ತಿರುಗಿದರು. ವರನ ತೆರೆದ ಬಾಯಿ ಹಾಗೇ ಉಳಿಯಿತು. ತಮ್ಮ ಕುರ್ಚಿಯ ಕೆಳಗಿಂದ ತಮ್ಮದೇ ದನಿ ಬಂದರೆ ಯಾರಿಗೆ ತಾನೇ ಮಾತು ಹೊರಡುತ್ತದೆ? ಅಧಿಕಾರಿ ಮೇಡಂ ಹುಬ್ಬೇರಿಸಿದರು.

"ಊಹೂಂ ಅಂದ್ರಾ ನೀವು?"

ವರ ಗಾಬರಿಯಿಂದ ತಲೆ ಅಲ್ಲಾಡಿಸಿದರು. ಇಲ್ಲ, ನಾನು ಅನ್ನಲಿಲ್ಲ ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ಅದನ್ನು ಹೇಳಲು ಅವರ ಬಳಿ ಇದ್ದದ್ದು ಒಂದೇ ಮಾತು.

"ಊಹೂಂ" ಎಂದರು.

"ಎರಡು" ಎಂದರು ಅಧಿಕಾರಿ ಮೇಡಂ, ಬೆರಳು ಮಡಿಸಿ. "ಅಂದರೆ ನಿಮಗೆ ಒಪ್ಪಿಗೆ ಇಲ್ಲ?"

ಛೆ, ಹಾಗಲ್ಲ ಎನ್ನುವಂತೆ ವರ ಎರಡೂ ಕೈ ಬೀಸಿದರು. "ಊಹೂಂ, ಊಹೂಂ."

ಇದಕ್ಕಿಂತ ಸ್ಪಷ್ಟವಾಗಿ ಯಾವ ವರನೂ ಆ ಸಭಾಂಗಣದಲ್ಲಿ ನಿರಾಕರಿಸಿರಲಿಲ್ಲ. ತಜ್ಞರು ಯಂತ್ರದ ಕಡೆ ತಿರುಗಿದರು. ಪುಟ ಸರಿಮಾಡಲು ಮತ್ತೆ ಗುಂಡಿ ಒತ್ತಿದರು. ಆನೆಯೂ ತನ್ನ ಅಭಿಪ್ರಾಯ ಬದಲಿಸಲಿಲ್ಲ.

ವರನ ಅಕ್ಕ ಎದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು. "ಮೇಡಂ, ನನಗೆ ಈ ಹುಡುಗಿ ಅಂದ್ರೆ ಪ್ರಾಣ. ಆದ್ರೆ ನನ್ನ ತಮ್ಮ ಇಷ್ಟು ವರ್ಷದಲ್ಲಿ ಒಂದ್ಸಲಾನೂ ಊಹೂಂ ಅಂದಿಲ್ಲ. ಔಷಧಿ ಕುಡಿಸಿದ್ರೂ ಅಂದಿಲ್ಲ. ಈಗ ಐದು ಸಲ ಅಂದಿದ್ದಾನೆ ಅಂದ್ರೆ ಅವನ ಒಳಗೆ ಏನೋ ಇದೆ. ಬಲವಂತ ಮಾಡಬೇಡಿ." ಅಷ್ಟು ಹೇಳಿ ಅಳತೊಡಗಿದರು.

"ಬಲವಂತಕ್ಕೆ ನಿಯಮದಲ್ಲಿ ಅವಕಾಶವೇ ಇಲ್ಲ" ಎಂದರು ಅಧಿಕಾರಿ ಮೇಡಂ. "ಎರಡು ಸಲ ಕೇಳಬೇಕು, ಕೇಳಿದ್ದೀನಿ. ಅರ್ಜಿ ವಜಾ. ಮತ್ತೆ ಬೇಕಾದರೆ ಮೂವತ್ತು ದಿನದ ಹೊಸ ನೋಟಿಸು."

ಹೆಂಡತಿ ಹಿಂದಿನಿಂದ ತಜ್ಞರ ತೋಳು ಚಿವುಟಿದಳು. "ಹೇಳ್ರೀ."

ತಜ್ಞರು ಹೇಳಬೇಕೆಂದೇ ಇದ್ದರು. ಆದರೆ ಅಧಿಕಾರಿ ಮೇಡಂ ಮುಖ ಕಂಡಿತು, ಮನೆಯ ಗೋಡೆಯ ಮೊಳೆ ಕಂಡಿತು, ಕಚೇರಿಯ ಯಂತ್ರದಲ್ಲಿ ಸ್ವಂತದ್ದೇನನ್ನೂ ಹಾಕಕೂಡದೆಂಬ ಸುತ್ತೋಲೆ ಕಂಡಿತು. ಆ ಸುತ್ತೋಲೆಯನ್ನು ಸೂಚನಾ ಫಲಕಕ್ಕೆ ಅಂಟಿಸಿದವರೂ ತಜ್ಞರೇ. ಪರದೆಯ ಮೇಲಿದ್ದ ಅರ್ಜಿಯನ್ನೇ ಮತ್ತೆ ಓದತೊಡಗಿದರು.

ಅಷ್ಟರಲ್ಲಿ ತಂಗಿ ಕನ್ನಡಕ ತೆಗೆದು, ಬಟ್ಟೆಯಿಂದ ಒರೆಸಿ, ಡಬ್ಬಿಯೊಳಗಿಟ್ಟು ಮುಚ್ಚಳ ಮುಚ್ಚಿದಳು. ಚಿಕ್ಕಂದಿನಿಂದ ಅವಳ ರೀತಿ ಅದು. ನೋಡಲು ಇಷ್ಟವಿಲ್ಲದ್ದು ಎದುರಿಗೆ ಬಂದರೆ ಅವಳು ಅಳುವುದಿಲ್ಲ, ಕನ್ನಡಕ ತೆಗೆದುಬಿಡುತ್ತಾಳೆ. "ಬಿಡಿ ಮೇಡಂ. ಇಷ್ಟ ಇಲ್ಲದೋರನ್ನ ಮತ್ತೆ ಮತ್ತೆ ಕೇಳೋದು ಬೇಡ. ಇನ್ನೊಂದು ನೋಟಿಸೂ ಬೇಡ" ಎಂದು ಎದ್ದು ಬಾಗಿಲ ಕಡೆ ನಡೆದಳು. ಬಾಗಿಲು ಸರಿಯಾಗಿ ಕಾಣದೆ ಅಟೆಂಡರಮ್ಮನ ಭುಜ ಹಿಡಿದುಕೊಂಡಳು. ಅದನ್ನು ನೋಡಿ ತಜ್ಞರು ಕುರ್ಚಿಯಿಂದ ಎದ್ದರು.

"ನಿಲ್ಲೇ" ಎಂದರು. "ಮೇಡಂ, ಅದು ಅವರಲ್ಲ. ಮೊದಲನೇದು ಆನೆ."

"ಯಾವ ಆನೆ?"

"ಕಾರ್ಟೂನಿನದು ಮೇಡಂ. ಸ್ನಾನ ಮಾಡಲ್ಲ ಅನ್ನುತ್ತೆ."

ಅಧಿಕಾರಿ ಮೇಡಂ ಅವರನ್ನೇ ದಿಟ್ಟಿಸಿ, ದನಿ ತಗ್ಗಿಸಿದರು. "ನೋಡಿ, ತಂಗಿ ವಿಷಯ, ಆಘಾತ ಆಗಿರುತ್ತೆ. ಸ್ವಲ್ಪ ನೀರು ಕುಡೀರಿ."

"ಊಹೂಂ ಅಂತ ದಿನಾ ನೀವು ಕೇಳ್ತಿದ್ರಲ್ಲ, ಅದೂ ನಾನಲ್ಲ ಮೇಡಂ. ನನ್ನ ಘನತೆ ಎಲ್ಲಾ ಆನೇದೇ. ಮೆಷಿನ್‌ನಲ್ಲಿ ತಪ್ಪಾದ್ರೆ ಅದು ಕೂಗುತ್ತೆ. ನಾನೇ ಹಾಕಿದ್ದು."

"ದಿನಾ ಅಷ್ಟು ಸಲ ಕೂಗ್ತಿತ್ತಲ್ಲ ರೀ."

"ಅಷ್ಟು ಸಲಾನೂ ತಪ್ಪಾಗ್ತಿತ್ತು ಮೇಡಂ" ಎಂದರು ತಜ್ಞರು. ಹದಿನೆಂಟು ವರ್ಷದಲ್ಲಿ ಅವರು ಈ ಮಾತನ್ನು ತಮಗೆ ತಾವೂ ಹೇಳಿಕೊಂಡಿರಲಿಲ್ಲ.

ಅಧಿಕಾರಿ ಮೇಡಂ ನಿಯಮದವರು. ಸಾಕ್ಷಿ ಇಲ್ಲದೆ ಏನನ್ನೂ ನಂಬುವವರಲ್ಲ. "ಸರಿ, ಕೂಗಿಸಿ ನೋಡೋಣ" ಎಂದರು.

ತಜ್ಞರು ಅಂಗೈ ಉಜ್ಜಿಕೊಂಡು ತಪ್ಪು ಮಾಡಲು ಕೂತರು. ವರನ ವಯಸ್ಸು ನಾಲ್ಕು ಎಂದು ಹೊಡೆದರು. ಯಂತ್ರ ಸುಮ್ಮನೆ ಒಪ್ಪಿಕೊಂಡಿತು. ನೂರಾ ನಲವತ್ತು ಎಂದರು. ಅದಕ್ಕೂ ತಕರಾರಿಲ್ಲ. ವಿಳಾಸದ ಜಾಗದಲ್ಲಿ ಅಆಇಈ ಬರೆದರು, ವೃತ್ತಿಯ ಜಾಗದಲ್ಲಿ ಆನೆ ಎಂದು ಬರೆದರು, ವಧುವಿನ ಜಾಗಕ್ಕೆ ತಮ್ಮದೇ ಹೆಸರು ಹಾಕಿದರು. ಎಲ್ಲವೂ ಸರಾಗವಾಗಿ ಮುಂದೆ ಹೋಯಿತು. ಆ ಕಚೇರಿಯಲ್ಲಿ ಅಷ್ಟು ಸಲೀಸಾಗಿ ಯಾವ ಅರ್ಜಿಯೂ ಹೋಗಿರಲಿಲ್ಲ. ತಜ್ಞರ ಹಣೆಯಿಂದ ಬೆವರು ಇಳಿದು ಕೀಬೋರ್ಡಿನ ಮೇಲೆ ಬಿತ್ತು. ವರನ ಅಕ್ಕ ಅಳು ನಿಲ್ಲಿಸಿ, "ಪಾಪ, ಅಣ್ಣನಿಗೇ ಹೀಗಾಗಿಬಿಡ್ತಲ್ಲ" ಎಂದು ಹೆಂಡತಿಗೆ ಸಮಾಧಾನ ಹೇಳತೊಡಗಿದರು.

ಬಾಗಿಲಿನಿಂದ ಅಟೆಂಡರಮ್ಮ ಗಂಟಲು ಸರಿಮಾಡಿಕೊಂಡರು. "ಸರ್, ಬೇಕು ಅಂತ ತಪ್ಪು ಮಾಡೋಕೆ ಹೋಗ್ಬೇಡಿ, ನಿಮ್ಮ ಕೈಲಿ ಆಗಲ್ಲ. ದಿನಾ ಮಾಡೋ ಹಾಗೆ ಸರಿಯಾಗಿ ಮಾಡೋಕೆ ನೋಡಿ."

ತಜ್ಞರು ಎಲ್ಲವನ್ನೂ ಅಳಿಸಿದರು. ಹೊಸ ಪುಟ ತೆರೆದು, ಬೆನ್ನು ನೆಟ್ಟಗೆ ಮಾಡಿ, ಒಂದೊಂದೇ ಅಕ್ಷರ ನೋಡಿ ನೋಡಿ, ಜೀವಮಾನದ ಎಚ್ಚರಿಕೆಯನ್ನೆಲ್ಲ ಬೆರಳಿಗೆ ತಂದುಕೊಂಡು ತುಂಬಿದರು. ಫೋನ್ ನಂಬರನ್ನು ಬಾಯಲ್ಲಿ ಹೇಳಿಕೊಂಡೇ ಹೊಡೆದರು. ಗುಂಡಿ ಒತ್ತಿದರು.

"ಊ...ಹೂಂ."

ಎಲ್ಲರ ಕಣ್ಣೂ ವರನ ಬಾಯಿಯ ಮೇಲಿತ್ತು. ಅದು ಮುಚ್ಚಿತ್ತು. ವರನ ಅಕ್ಕ ಬಗ್ಗಿ ಕುರ್ಚಿಯ ಕೆಳಗೆ ನೋಡಿ, "ಅಯ್ಯೋ, ಥೇಟ್ ಇವನದೇ ದನಿ" ಎಂದರು. ವರ ಕೂಡ ಬಗ್ಗಿ ನೋಡಿದರು. ಅಟೆಂಡರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ತಿರುಗಿದರು. ಅವರ ಬೆನ್ನು ಬಹಳ ಹೊತ್ತು ಅಲುಗಾಡುತ್ತಿತ್ತು.

ಅಧಿಕಾರಿ ಮೇಡಂ ನಗಲಿಲ್ಲ. "ಪ್ರಶಸ್ತಿಗೆ ಕಳಿಸಿದ ಹೆಸರನ್ನ ವಾಪಸ್ ತರಿಸ್ಕೋತೀನಿ. ಆನೆಗೆ ಕೊಡೋಕೆ ನಿಯಮ ಇಲ್ಲ" ಎಂದು ತಜ್ಞರಿಗೆ ಹೇಳಿ, ವರನ ಕಡೆ ತಿರುಗಿದರು. "ಈಗಿನದನ್ನ ಲೆಕ್ಕಕ್ಕೆ ಹಿಡಿಯಲ್ಲ. ಹೊಸದಾಗಿ ಕೇಳ್ತೀನಿ. ಆದರೆ ದಯವಿಟ್ಟು ಹೂಂ, ಊಹೂಂ ಎರಡೂ ಬೇಡ. ಮೆಷಿನ್ನು ಹೇಳೋಕೆ ಆಗದಂಥದ್ದು ಏನಾದರೂ ಹೇಳಿ. ಈಕೆಯನ್ನು ವಿವಾಹವಾಗಲು ನಿಮಗೆ ಒಪ್ಪಿಗೆಯೇ?"

ಇದ್ದ ಎರಡು ಮಾತನ್ನೂ ಕಿತ್ತುಕೊಂಡಿದ್ದರಿಂದ ವರ ಕಂಗಾಲಾದರು. ಅಕ್ಕ ನೆರವಿಗೆ ಬಾಯಿ ತೆರೆದರು. ಅಧಿಕಾರಿ ಮೇಡಂ ಕೈ ಅಡ್ಡ ಹಿಡಿದರು. ವರ ಎದ್ದು ನಿಂತು, ಬಾಗಿಲ ಬಳಿ ನಿಂತಿದ್ದವಳನ್ನು ನೋಡಿ, ಕೊರಳಗುಂಡಿ ಬಿಚ್ಚಿಕೊಂಡರು.

"ಇವರ ಅಂಗಡಿ ಕಟ್ಟಡದ ಲಿಫ್ಟ್ ಕೆಟ್ಟಿದೆ ಅಂತ ತಿಂಗಳಿಗೆ ಎರಡು ಸಲ ಕಂಪ್ಲೇಂಟ್ ಬರುತ್ತೆ" ಎಂದರು. "ನಾಲ್ಕು ವರ್ಷದಿಂದ. ಹೋಗಿ ನೋಡಿದ್ರೆ ಏನೂ ಆಗಿರಲ್ಲ. ಕಂಪನಿಯವರು ಬೇರೆಯವರನ್ನ ಕಳಿಸ್ತೀವಿ ಅಂದ್ರು. ನಾನು, ಅದು ತುಂಬಾ ಕಷ್ಟದ ಲಿಫ್ಟು, ನನಗೆ ಬಿಟ್ರೆ ಯಾರಿಗೂ ಗೊತ್ತಾಗಲ್ಲ ಅಂದೆ. ಸುಳ್ಳು. ಊರಲ್ಲಿ ಅಷ್ಟು ಒಳ್ಳೆ ಲಿಫ್ಟ್ ಇನ್ನೊಂದಿಲ್ಲ." ಉಸಿರು ತೆಗೆದುಕೊಂಡರು. "ಮೂರನೇ ಮಹಡೀಲಿ ಬಾಗಿಲು ತೆಗೆದ್ರೆ ಎದುರಿಗೇ ಇವರು ಕೂತಿರ್ತಾರೆ. ಒಪ್ಪಿಗೆ ಇದೆ ಮೇಡಂ. ಅವತ್ತಿಂದಾನೂ ಇದೆ."

ಅಕ್ಕ ಕುರ್ಚಿಯಲ್ಲಿ ಕುಸಿದು ಕೂತರು. ಸಾಕಿ ಬೆಳೆಸಿದ ತಮ್ಮ ಇಷ್ಟು ಮಾತಾಡಿದ್ದನ್ನು ಅವರು ಕೇಳಿದ್ದು ಇದೇ ಮೊದಲು.

"ನೀವು?" ಎಂದು ಅಧಿಕಾರಿ ಮೇಡಂ ತಂಗಿಯನ್ನು ಕೇಳಿದರು.

ತಂಗಿ ಡಬ್ಬಿ ತೆರೆದು ಕನ್ನಡಕ ಹಾಕಿಕೊಂಡು ವರನನ್ನು ನೋಡಿದಳು. "ಕಂಪ್ಲೇಂಟ್ ಬರೀತಿದ್ದವಳು ನಾನೇ" ಎಂದಳು.

ವರ ಲೆಕ್ಕ ಹಾಕುವವರಂತೆ ನಿಂತರು. "ನಾಲ್ಕು ವರ್ಷಾನೂ?"

"ಮೊದಲನೇ ಸಲ ಮಾತ್ರ ನಿಜವಾಗ್ಲೂ ಕೆಟ್ಟಿತ್ತು."

ಅಧಿಕಾರಿ ಮೇಡಂ ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ತಜ್ಞರನ್ನು ಕುರ್ಚಿಯಿಂದ ಎಬ್ಬಿಸಿ, ತಾವು ಕೂತು, ವಧು, ವರ ಇಬ್ಬರ ಹೆಸರಿನ ಮುಂದೆಯೂ ತಮ್ಮ ಕೈಯಾರೆ 'ಹೌದು' ಒತ್ತಿದರು.